ಟೈರಿನ ಎಚ್ಚರಿಕೆ ದೀಪ: ಅದು ಅಳೆಯುವುದೇನು?

ಈಚೆಗೆ ಹೊಸ ಕಾರು ಕೊಂಡ ಯಾರನ್ನಾದರೂ "ಟೈರಿನ ಗಾಳಿ ನೋಡಿಸಿ ಎಷ್ಟು ದಿನವಾಯಿತು?" ಎಂದು ಕೇಳಿ ನೋಡಿ. "ಅದಕ್ಕೆ ದೀಪ ಇದೆಯಲ್ಲ, ಕಡಿಮೆಯಾದರೆ ತಾನೇ ಹೇಳುತ್ತದೆ" ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಭೌತವಿಜ್ಞಾನ ಕಲಿಸುವವರ ಬಾಯಲ್ಲೂ ನಾನು ಈ ಮಾತು ಕೇಳಿದ್ದೇನೆ. ಆ ಹಳದಿ ದೀಪವನ್ನು ಒಂದು ಅಳತೆಯ ಉಪಕರಣವೆಂದು ಭಾವಿಸಿ ಪರೀಕ್ಷಿಸಿದರೆ ಈ ನಂಬಿಕೆ ಎಷ್ಟು ಸರಿ ಎಂಬುದು ತಿಳಿಯುತ್ತದೆ.

ದೀಪಕ್ಕೆ ಒಂದು ಇತಿಹಾಸವಿದೆ. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ವಾಹನದಲ್ಲಿದ್ದವು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಳಚಿ ವಾಹನ ಮಗುಚಿಕೊಂಡು ಅನೇಕರು ಸತ್ತಿದ್ದರು. ಟೈರಿನ ದೋಷದ ಜೊತೆಗೆ ಗಾಳಿಯ ಒತ್ತಡದ ಪ್ರಶ್ನೆಯೂ ಚರ್ಚೆಗೆ ಬಂದಿತು. ಫೋರ್ಡ್ ಸೂಚಿಸಿದ್ದು 26 ಪಿಎಸ್ಐ, ಫೈರ್‌ಸ್ಟೋನ್ ಬಯಸಿದ್ದು 30. ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತವೆ. ಬಾಗಿದಷ್ಟೂ ರಬ್ಬರು ಕಾಯುತ್ತದೆ. ಕಾದಷ್ಟೂ ಪದರಗಳ ಬೆಸುಗೆ ಸಡಿಲವಾಗುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು, ಕಾರುಗಳಲ್ಲಿ ಒತ್ತಡದ ಎಚ್ಚರಿಕೆ ವ್ಯವಸ್ಥೆ ಇರಬೇಕೆಂದು ವಿಧಿಸಿತು. 2005ರಲ್ಲಿ ಅಂತಿಮಗೊಂಡ ನಿಯಮದ ಪ್ರಕಾರ, ಸೂಚಿತ ಒತ್ತಡಕ್ಕಿಂತ ಶೇಕಡ 25ರಷ್ಟು ಕಡಿಮೆಯಾದರೆ 20 ನಿಮಿಷಗಳೊಳಗೆ ದೀಪ ಹತ್ತಬೇಕು.

ಶೇಕಡ 25 ಎಂದರೆ ಎಷ್ಟು? ಸೂಚಿತ ಒತ್ತಡ 33 ಪಿಎಸ್ಐ ಎಂದುಕೊಳ್ಳಿ. ದೀಪ ಹತ್ತುವುದು ಸುಮಾರು 25ಕ್ಕೆ. ಟೈರಿಗೆ ಸಣ್ಣ ಮೊಳೆಯೊಂದು ಚುಚ್ಚಿಕೊಂಡು, ಅಲ್ಲೇ ಸಿಕ್ಕಿಕೊಂಡು, ವಾರಕ್ಕೆ ಒಂದೂವರೆ ಪಿಎಸ್ಐನಂತೆ ಗಾಳಿ ಬಿಡುತ್ತಿದೆ ಎನ್ನೋಣ. ದೀಪ ಹತ್ತಲು ಐದೂವರೆ ವಾರ ಬೇಕು. ಅಷ್ಟು ದಿನವೂ ಚಾಲಕನಿಗೆ ಎಲ್ಲವೂ ಸರಿಯಾಗಿದೆ ಎಂಬ ಭಾವನೆ. ಮೊಳೆ ಮೊದಲ ವಾರದಲ್ಲೇ ಸಿಕ್ಕಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸವಾಗುತ್ತಿತ್ತು. ಐದು ವಾರ ಕಡಿಮೆ ಗಾಳಿಯಲ್ಲಿ ಓಡಿ ಪಕ್ಕೆ ಒಳಗಿನಿಂದ ಜಖಂ ಆದ ಟೈರನ್ನು ಯಾವ ಅಂಗಡಿಯವರೂ ಮೊದಲಿನಂತೆ ಮಾಡಿಕೊಡಲಾರರು.

ಇಲ್ಲಿ ಅಧ್ಯಾಪಕರಿಗಾಗಿ ಒಂದು ಮಾತು. ಒತ್ತಡ ಶೇಕಡ 25 ಇಳಿಯಿತೆಂದರೆ ಗಾಳಿ ಶೇಕಡ 25 ಸೋರಿತೆಂದಲ್ಲ. ಮಾಪಕ ತೋರಿಸುವುದು ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. 33 ಪಿಎಸ್ಐ ಎಂದರೆ 228 ಕಿಲೋಪಾಸ್ಕಲ್. ಅದಕ್ಕೆ ವಾಯುಮಂಡಲದ 101 ಸೇರಿಸಿದರೆ ನಿರಪೇಕ್ಷ ಒತ್ತಡ 329. ದೀಪ ಹತ್ತುವ ವೇಳೆಗೆ ಕಳೆದುಹೋದದ್ದು 57 ಕಿಲೋಪಾಸ್ಕಲ್, ಅಂದರೆ ಒಳಗಿನ ಅಣುಗಳಲ್ಲಿ ಶೇಕಡ 17 ಮಾತ್ರ. ಪರೀಕ್ಷೆಯಲ್ಲಿ ಮಾಪಕದ ಅಂಕಿಯನ್ನೇ ನೇರವಾಗಿ ಅನಿಲ ನಿಯಮದಲ್ಲಿ ಹಾಕುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ಟೈರಿನ ಉದಾಹರಣೆ ಕೊಟ್ಟ ಮೇಲೆ ಆ ತಪ್ಪು ಕಡಿಮೆಯಾಗುತ್ತದೆ.

ತಾಪದ ವಿಷಯಕ್ಕೆ ಬಂದರೆ ದೀಪದ ದೌರ್ಬಲ್ಯ ಇನ್ನೂ ಸ್ಪಷ್ಟ. ಬೆಳಿಗ್ಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಟೈರು 23 ಪಿಎಸ್ಐಗೆ ಇಳಿದಿದೆ, ಅಂದರೆ ಸೂಚಿತ ಮಟ್ಟಕ್ಕಿಂತ ಶೇಕಡ 30 ಕಡಿಮೆ. ಹೊರಟ ಸ್ವಲ್ಪ ಹೊತ್ತಿಗೆ ದೀಪ ಹತ್ತುತ್ತದೆ. ಹೆದ್ದಾರಿಯಲ್ಲಿ ಓಡಿದಂತೆ ಒಳಗಿನ ಗಾಳಿ 50 ಡಿಗ್ರಿಗೆ ಏರಿತೆನ್ನಿ. ಗಾತ್ರ ಹೆಚ್ಚು ಬದಲಾಗುವುದಿಲ್ಲ. ನಿರಪೇಕ್ಷ ಒತ್ತಡ 293ರಿಂದ 323 ಕೆಲ್ವಿನ್‌ನ ಅನುಪಾತದಲ್ಲೇ ಏರುತ್ತದೆ. ಲೆಕ್ಕ ಹಾಕಿದರೆ ಮಾಪಕದ ಒತ್ತಡ ಸುಮಾರು 27 ಪಿಎಸ್ಐ ಆಗುತ್ತದೆ. ದೀಪ ಆರಿಹೋಗುತ್ತದೆ! "ತಾನೇ ಸರಿಹೋಯಿತು" ಎಂದು ಚಾಲಕ ನೆಮ್ಮದಿಯಿಂದ ಮುಂದೆ ಸಾಗುತ್ತಾನೆ. ಸೋರಿಕೆ ಇದ್ದಲ್ಲೇ ಇದೆ. ಇದಕ್ಕೆ ವಿರುದ್ಧವಾಗಿ, ಚಳಿಗಾಲದ ಮುಂಜಾನೆ ಏನೂ ಸೋರದಿದ್ದರೂ ದೀಪ ಹತ್ತಬಹುದು. ಎರಡು ಸಲ ಹೀಗಾದರೆ ಮೂರನೆಯ ಸಲ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಪಕ್ಕೆ ತಿದ್ದುಪಡಿ ಮಾಡಿಕೊಳ್ಳುವ ವ್ಯವಸ್ಥೆಗಳೂ ಇವೆ, ಆದರೆ ಎಲ್ಲ ಕಾರುಗಳಲ್ಲಿ ಇಲ್ಲ. ಎತ್ತರದ ಪರಿಣಾಮವೂ ಉಂಟು: ಮಂಗಳೂರಿನಲ್ಲಿ ತುಂಬಿಸಿದ ಟೈರು ಮಡಿಕೇರಿಗೆ ಹೋದರೆ, ಹೊರಗಿನ ಗಾಳಿಯ ಒತ್ತಡ ತಗ್ಗಿರುವುದರಿಂದ, ಮಾಪಕದಲ್ಲಿ ಸುಮಾರು ಎರಡು ಪಿಎಸ್ಐ ಹೆಚ್ಚು ತೋರುತ್ತದೆ.

ದೀಪದ ಹಿಂದೆ ಇರುವ ವ್ಯವಸ್ಥೆಗಳು ಎರಡು ಬಗೆ. ಮೊದಲನೆಯದರಲ್ಲಿ ಪ್ರತಿ ಚಕ್ರದ ಒಳಗೆ ಬ್ಯಾಟರಿಯುಳ್ಳ ಒತ್ತಡ ಸಂವೇದಕವಿದ್ದು, ರೇಡಿಯೊ ಅಲೆಗಳ ಮೂಲಕ ಅಂಕಿಗಳನ್ನು ಕಳಿಸುತ್ತದೆ. ಎರಡನೆಯದರಲ್ಲಿ ಸಂವೇದಕವೇ ಇಲ್ಲ. ಗಾಳಿ ಕಡಿಮೆಯಾದ ಚಕ್ರದ ಉರುಳು ತ್ರಿಜ್ಯ ಅತ್ಯಲ್ಪ ಕುಗ್ಗುತ್ತದೆ. ಅಷ್ಟೇ ದೂರಕ್ಕೆ ಅದು ಸ್ವಲ್ಪ ಹೆಚ್ಚು ಸುತ್ತುತ್ತದೆ. ಎಬಿಎಸ್ ಬ್ರೇಕಿನ ಉಪಕರಣ ಈ ಸುತ್ತುಗಳನ್ನು ಎಣಿಸಿ ಚಕ್ರಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಉಪಾಯ ಸೊಗಸಾದದ್ದೇ. ಆದರೆ ರಬ್ಬರಿನ ಮೂಲಕ ಗಾಳಿ ಸಹಜವಾಗಿಯೇ ತಿಂಗಳಿಗೆ ಸುಮಾರು ಒಂದು ಪಿಎಸ್ಐನಷ್ಟು ಹೊರಬೀಳುತ್ತದೆ, ಅದೂ ನಾಲ್ಕೂ ಟೈರುಗಳಲ್ಲಿ. ನಾಲ್ಕೂ ಸಮನಾಗಿ ಇಳಿದರೆ ಬರೀ ಹೋಲಿಕೆಯಲ್ಲಿ ಏನು ಕಾಣುತ್ತದೆ? ಅಮೆರಿಕದ 2002ರ ಮೊದಲ ನಿಯಮ, ಒಂದೇ ಟೈರಿನ ಇಳಿತ ಹಿಡಿದರೆ ಸಾಕೆಂಬ ಆಯ್ಕೆಯನ್ನೂ ಕೊಟ್ಟಿತ್ತು. ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆಯ್ಕೆಯನ್ನು ತಳ್ಳಿಹಾಕಿತು. ಭೌತವಿಜ್ಞಾನದ ಒಂದು ಆಕ್ಷೇಪ ನ್ಯಾಯಾಲಯದಲ್ಲಿ ಗೆದ್ದ ಅಪರೂಪದ ಪ್ರಸಂಗ ಇದು.

ಯುರೋಪಿನ ನಿಯಮ ಇನ್ನಷ್ಟು ವಿವೇಕದ್ದು. ಅಲ್ಲಿ ಮಿತಿ ಶೇಕಡ 20. ಒಂದು ಟೈರಿನ ಪಂಕ್ಚರನ್ನು 10 ನಿಮಿಷಗಳಲ್ಲಿ, ನಾಲ್ಕೂ ಟೈರುಗಳ ನಿಧಾನ ಇಳಿತವನ್ನು 60 ನಿಮಿಷಗಳಲ್ಲಿ ಗುರುತಿಸಬೇಕು. 2014ರ ನವೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಆದರೂ ನನ್ನ ಮೂಲ ಆಕ್ಷೇಪ ಉಳಿಯುತ್ತದೆ. ಎರಡೂ ನಿಯಮಗಳು ಕೇಳುವುದು "ಒತ್ತಡ ಮಿತಿ ದಾಟಿತೇ?" ಎಂಬ ಪ್ರಶ್ನೆ. ನಿಧಾನ ಸೋರಿಕೆಯನ್ನು ಬೇಗ ಹಿಡಿಯಲು ಕೇಳಬೇಕಾದದ್ದು "ಈ ಟೈರು ಉಳಿದ ಮೂರಕ್ಕಿಂತ ಬೇಗ ಇಳಿಯುತ್ತಿದೆಯೇ?" ಎಂದು. ಸಂವೇದಕವುಳ್ಳ ಕಾರಿನಲ್ಲಿ ಇದಕ್ಕೆ ಬೇಕಾದ ಅಂಕಿಗಳೆಲ್ಲ ಆಗಲೇ ಇವೆ; ನಿಯಮ ಬೇಡುವುದು ಮಾತ್ರ ಹತ್ತುವ ಅಥವಾ ಆರುವ ಒಂದು ದೀಪವನ್ನು.

ದೀಪ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ವ್ಯವಸ್ಥೆ ಇರುವ ಕಾರುಗಳಲ್ಲಿ ತೀರ ಕಡಿಮೆ ಗಾಳಿಯ ಟೈರು ಇರುವ ಸಾಧ್ಯತೆ ಶೇಕಡ 56ರಷ್ಟು ತಗ್ಗಿತ್ತು. ಇದು ದೊಡ್ಡ ಲಾಭ. ಆದರೆ ಅದೇ ದೇಶದ ನಿಯಮ, ಟೈರುಗಳನ್ನು ತಿಂಗಳಿಗೊಮ್ಮೆ ತಣ್ಣಗಿರುವಾಗ ಪರೀಕ್ಷಿಸಬೇಕು, ಈ ವ್ಯವಸ್ಥೆ ಆ ಕೆಲಸಕ್ಕೆ ಬದಲಿಯಲ್ಲ ಎಂದು ಕಾರಿನ ಕೈಪಿಡಿಯಲ್ಲಿ ಅಚ್ಚು ಹಾಕಿಸುತ್ತದೆ. ಕೈಪಿಡಿಯ ಆ ಪುಟವನ್ನು ಓದುವವರು ಎಷ್ಟು ಮಂದಿಯೋ!

ನಮ್ಮ ದೇಶದಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. 2020ರ ತಿದ್ದುಪಡಿಯ ಪ್ರಕಾರ, ಮೂರೂವರೆ ಟನ್ ಒಳಗಿನ ಪ್ರಯಾಣಿಕ ಕಾರುಗಳಲ್ಲಿ ಒತ್ತಡ ಎಚ್ಚರಿಕೆ ವ್ಯವಸ್ಥೆ ಮತ್ತು ಟೈರು ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಇಡಬೇಕಾಗಿಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ, ರಾತ್ರಿ ಶಿರಾಡಿ ಘಾಟಿಯಲ್ಲಿ, ಪಕ್ಕೆ ಹರಿದ ಟೈರಿನೊಂದಿಗೆ ನಿಂತವರಿಗೆ ಕಿಟ್‌ನಿಂದ ಪ್ರಯೋಜನವಿಲ್ಲ. ಅದು ಮುಚ್ಚುವುದು ಸಣ್ಣ ತೂತನ್ನು ಮಾತ್ರ.

ಹಾಗಾದರೆ ನೀವು ಮಾಡಬೇಕಾದದ್ದೇನು? ಒಂದು ಮಾಪಕ ಕೊಳ್ಳಿ. ಭಾನುವಾರ ಬೆಳಿಗ್ಗೆ, ಕಾರು ತೆಗೆಯುವ ಮೊದಲು, ನಾಲ್ಕೂ ಟೈರುಗಳ ಒತ್ತಡ ನೋಡಿ ಪುಸ್ತಕದಲ್ಲಿ ಬರೆಯಿರಿ. ಮಾಪಕ ಒಂದು ಪಿಎಸ್ಐ ತಪ್ಪು ತೋರಿದರೂ ನಾಲ್ಕರಲ್ಲೂ ಅದೇ ತಪ್ಪು. ತಾಪ, ಎತ್ತರಗಳ ಪರಿಣಾಮವೂ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ತೆಗೆದಾಗ ಇವೆಲ್ಲ ಕಳೆದುಹೋಗುತ್ತವೆ. ನಾಲ್ಕೂ ಒಟ್ಟಿಗೆ ಇಳಿದರೆ ಹಳೆಯ ವಾರಗಳ ಅಂಕಿಯೇ ಹೇಳುತ್ತದೆ. ಮೇಲಿನ ಉದಾಹರಣೆಯ ಮೊಳೆ ಎರಡನೆಯ ಭಾನುವಾರಕ್ಕೇ ಮೂರು ಪಿಎಸ್ಐ ಅಂತರವಾಗಿ ಕಾಣಿಸಿಕೊಳ್ಳುತ್ತದೆ. ಶಾಲೆಯ ಅಧ್ಯಾಪಕರು ಇದನ್ನೇ ಎಂಟು ವಾರಗಳ ಪ್ರಯೋಗವಾಗಿಸಿ, ಮಕ್ಕಳಿಂದ ನಾಲ್ಕು ರೇಖೆಗಳ ನಕ್ಷೆ ಬರೆಸಬಹುದು. ಒಂದು ರೇಖೆ ಮಿಕ್ಕವುಗಳಿಂದ ಬೇರೆಯಾಗಿ ಕೆಳಗೆ ಬಾಗಿದರೆ ಆ ಟೈರಿನ ಮೇಲೆ, ರಿಮ್ಮಿನ ಅಂಚಿನಲ್ಲಿ, ವಾಲ್ವಿನ ಬಾಯಲ್ಲಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೇ ನೋಡಿ. ವಾಲ್ವಿನಲ್ಲೇ ಗುಳ್ಳೆ ಎದ್ದರೆ ಟೈರು ಬಿಚ್ಚುವ ಮೊದಲು ಅದರ ಪಿನ್ ಬದಲಿಸಿ ನೋಡುವುದು ಒಳ್ಳೆಯದು.