ಬಣ್ಣ ಕುಡಿದ ರೋಜಾ

ಹೊಸೂರಿನ ತಾಜ್‌ಮಹಲ್ ಕೆಂಪಗಿರುತ್ತದೆ. ಗೋಪುರವಿಲ್ಲ, ಮುಳ್ಳಿದೆ. ಬಾಗಲೂರು, ಬೇರಿಕೆ, ಕೆಲಮಂಗಲದ ಸುತ್ತಿನ ಪಾಲಿಹೌಸುಗಳಲ್ಲಿ ಬೆಳೆಯುವ ಗುಲಾಬಿಗಳಲ್ಲಿ ಈ ಹೆಸರಿನ ತಳಿಗೇ ಮೊದಲ ಮಣೆ. ಫೆಬ್ರವರಿ 14 ಹತ್ತಿರ ಬಂತೆಂದರೆ ಬೆಂಗಳೂರಿಗೆ ಬಂದು ವಿಮಾನ ಹತ್ತುವುದೂ ಇದೇ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ, ತಮಿಳುನಾಡಿನ ಈ ಗಡಿಸೀಮೆಯ ಹಗಲ ಬಿಸಿಲು, ರಾತ್ರಿಯ ತಂಪು ಎರಡೂ ಗುಲಾಬಿಗೆ ಒಗ್ಗುತ್ತವೆ. ಇಲ್ಲಿನ ಜನ ಹೂವನ್ನು ಕನ್ನಡದಲ್ಲಿ ಕೊಯ್ದು, ತೆಲುಗಿನಲ್ಲಿ ಎಣಿಸಿ, ತಮಿಳಿನಲ್ಲಿ ಮಾರುತ್ತಾರೆ. ಹೂವಿನ ಹೆಸರು ಮಾತ್ರ ಮೂರರಲ್ಲೂ ಡಚ್ ರೋಸ್.

ಅರ್ಧ ಬಿರಿದ ಒಂದನ್ನು ಕೈಗೆತ್ತಿಕೊಂಡು ನಿಧಾನವಾಗಿ ನೋಡಬೇಕು. ಹೊರಗಿನ ಎರಡು ಮೂರು ಎಸಳು ಒರಟು. ಅಂಚಿನಲ್ಲಿ ಕಪ್ಪು, ಬುಡದಲ್ಲಿ ಒಂದಿಷ್ಟು ಹಸಿರು ಉಳಿದಿರುತ್ತದೆ. ಅಂಗಡಿಯವರು ಅವನ್ನು ಕಿತ್ತೆಸೆದು ಹೂವನ್ನು ಚೊಕ್ಕ ಮಾಡುತ್ತಾರೆ. ನನಗೆ ಅವು ಬೇಕು. ಒಳಗಿನ ನಯ ಎದ್ದು ಕಾಣುವುದೇ ಹೊರಗಿನ ಆ ಒರಟಿನಿಂದ. ಒಳಕ್ಕೆ ಹೋದಂತೆಲ್ಲ ಎಸಳು ತೆಳುವಾಗಿ, ಒಂದರ ಹೆಗಲಿಗೆ ಇನ್ನೊಂದು ಒರಗಿ, ನಡುವೆ ಎತ್ತರದ ಮೊನೆಯಾಗಿ ಸುತ್ತಿಕೊಳ್ಳುತ್ತದೆ. ಆ ಮಖಮಲ್ಲಿನ ಮೈಗೂ ಕಾರಣವಿದೆ. ಎಸಳಿನ ಮೇಲ್ಪದರದ ಒಂದೊಂದು ಜೀವಕೋಶವೂ ಪುಟ್ಟ ಶಂಕುವಾಗಿ ಎದ್ದು ನಿಂತಿರುತ್ತದೆ. ಬಿದ್ದ ಬೆಳಕು ಆ ಶಂಕುಗಳ ನಡುವೆ ಸುತ್ತಾಡಿ ಕೆಂಪನ್ನು ಗಾಢ ಮಾಡುತ್ತದೆ. ನೀರಿನ ಹನಿ ಮಣಿಯಾಗಿ ಕೂರುವುದೂ ಅವುಗಳ ದೆಸೆಯಿಂದಲೇ. ಎಸಳನ್ನು ತಲೆಕೆಳಗು ಮಾಡಿದರೂ ಹನಿ ಉದುರುವುದಿಲ್ಲ. ಮಾಡಿ ನೋಡಬಹುದು, ಹನಿ ಚಿಕ್ಕದಿರಬೇಕು ಅಷ್ಟೆ.

ಇಷ್ಟು ಚೆಲುವಾದ ಈ ಜೀವ ಕಾಡಿನಲ್ಲಿ ಹುಟ್ಟಿದ್ದಲ್ಲ. ಬೀಜ ಬಿತ್ತಿದರೆ ಗುಲಾಬಿ ಬಂದೀತು, ತಾಜ್‌ಮಹಲ್ ಬಾರದು. ಬೇರೊಂದು ಗುಲಾಬಿಯ ಬೇರಿನ ಮೇಲೆ ಕಣ್ಣು ಕಸಿ ಮಾಡಿ ಇದನ್ನು ಪಡೆಯುತ್ತಾರೆ. ಹೀಗಾಗಿ ಈ ಸೀಮೆಯ ತಾಜ್‌ಮಹಲ್‌ಗಳೆಲ್ಲ ಒಂದೇ ಗಿಡದ ಅಸಂಖ್ಯ ತುಂಡುಗಳು. ಬಲವಿಲ್ಲದ ಕೊಂಬೆಯನ್ನು ಇಲ್ಲಿ ಕತ್ತರಿಸುವುದಿಲ್ಲ, ಬಗ್ಗಿಸಿ ಬಿಡುತ್ತಾರೆ. ಅದರ ಎಲೆಗಳು ಉಳಿದ ಗಿಡಕ್ಕೆ ಊಟ ಮಾಡಿಹಾಕುತ್ತವೆ. ಮೊಗ್ಗು ಅವಸರಪಟ್ಟು ಅರಳದೆ ದಪ್ಪವಾಗಲೆಂದು ಅದಕ್ಕೊಂದು ಜಾಲರಿ ಟೋಪಿ, ಬಡ್ ಕ್ಯಾಪ್. ಡಿಸೆಂಬರ್ ನಡುವಿನಲ್ಲಿ ಕತ್ತರಿ ಹಾಕಿದರೆ ಫೆಬ್ರವರಿಯ ಪೇಟೆಗೆ ಹೂವು ಸಿದ್ಧ.

ಎತ್ತರದ ಮೊನೆಯ ಈ ವಂಶಕ್ಕೆ ಹೈಬ್ರಿಡ್ ಟೀ ಎಂದು ಹೆಸರು. 1867ರಲ್ಲಿ ಫ್ರಾನ್ಸಿನ ಗಿಯೋ ಎಂಬ ತೋಟಗಾರ ಪಡೆದ ‘ಲಾ ಫ್ರಾನ್ಸ್’ ಇದರ ಮೊದಲ ಕುಡಿ ಎನ್ನುವುದು ರೂಢಿ. ಯುರೋಪಿನ ಹಳೆಯ ಗುಲಾಬಿಗಳು ಹೆಚ್ಚಾಗಿ ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುತ್ತಿದ್ದವು. ಮತ್ತೆ ಮತ್ತೆ ಅರಳುವ ಗುಣ ಚೀನಾದ ಗುಲಾಬಿಗಳಿಂದ ಬಂತು. ಅವು ಕಲ್ಕತ್ತದ ಹಾದಿಯಾಗಿ ಹೋದದ್ದರಿಂದ ಯುರೋಪಿನವರು ಅವನ್ನು ಬಂಗಾಳದ ಗುಲಾಬಿ ಎಂದೇ ಕರೆದರು.

ಡಚ್ ರೋಸಿಗೆ ಒಂದೇ ಕೊರತೆ. ಹೊಸೂರಿನ ಪೇಟೆಯಲ್ಲಿ ಬಿಡಿಹೂ ಮಾರುವ ಅಮ್ಮನೊಬ್ಬರು ಅದನ್ನು ಮೂರೇ ಮಾತಿನಲ್ಲಿ ಹೇಳಿ ಮುಗಿಸಿದರು. “ಅದು ಸ್ಟೇಜಿಗೆ ಸಾರ್. ಮೂಸಿ ನೋಡಿ, ಏನೂ ಇಲ್ಲ. ದೇವರಿಗೆ ಪನ್ನೀರು ರೋಜಾ ತಗೊಂಡೋಗಿ.” ಅವರ ಬುಟ್ಟಿಯಲ್ಲಿದ್ದದ್ದು ತೆಳುಗೆಂಪಿನ, ಕೈಯಲ್ಲಿ ಹಿಡಿದರೆ ಎಸಳು ಉದುರಿಸುವ, ಸಂಜೆಗೆ ಬಾಡುವ ಹೂವು. ಪರಿಮಳವೋ, ಬುಟ್ಟಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಂದಿತ್ತು. ಚಂದ್ರಚೂಡೇಶ್ವರನ ಬೆಟ್ಟ ಹತ್ತುವವರು ಕೊಳ್ಳುವುದು ಇದನ್ನೇ.

ಇದೇ ನಮ್ಮ ನೆಲದ ಹೂವು, ಅದು ಪರಕೀಯರ ಸೃಷ್ಟಿ ಎಂದು ಗೆರೆ ಎಳೆಯುವವರಿಗೆ ಒಂದು ತೊಡಕಿದೆ. ಪನ್ನೀರು ರೋಜಾ ಎಂದು ಬಿಕರಿಯಾಗುವ ಹೂಗಳಲ್ಲಿ ತೋಟಗಾರಿಕೆಯವರು ಎಡ್ವರ್ಡ್ ಎಂದು ಕರೆಯುವ ಗುಲಾಬಿಯೂ ಒಂದು. ಅದರ ತವರು ಹಿಂದೂ ಮಹಾಸಾಗರದ ಬೊರ್ಬೊನ್ ದ್ವೀಪ, ಈಗಿನ ರಿಯೂನಿಯನ್. ಅಲ್ಲಿ ಹೊಲದ ಬೇಲಿಗೆಂದು ಡಮಾಸ್ಕಸ್ ವಂಶದ ಗುಲಾಬಿಯನ್ನೂ ಚೀನಾ ಗುಲಾಬಿಯನ್ನೂ ಒಟ್ಟಿಗೆ ನೆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಯಾರೂ ಕೂಡಿಸದೆ, ಎರಡರ ನಡುವೆ ಈ ಮಗು ಹುಟ್ಟಿತು. ಅದನ್ನು ಪಡೆದು ಇನ್ನೂರು ವರ್ಷವಾಗುವಷ್ಟರಲ್ಲಿ ನಾವು ಅದಕ್ಕೆ ಮಡಿ ಕೊಟ್ಟಿದ್ದೇವೆ. ಕೊಟ್ಟದ್ದು ಸರಿಯೇ. ಪರಿಮಳವಿದ್ದವರಿಗೆ ಪೌರತ್ವ ಬೇಗ ಸಿಗುತ್ತದೆ.

ಡಚ್ ರೋಸಿನ ಪರಿಮಳ ಎಲ್ಲಿ ಕಳೆದುಹೋಯಿತು ಎಂಬುದನ್ನೂ ಹುಡುಕಿದ್ದಾರೆ. ಬಹಳ ದಿನ ಬಾಳುವ ಹೂವಿಗಾಗಿ ಆರಿಸುತ್ತ ಹೋದ ತಳಿಗಾರರು ವಾಸನೆಯ ಕಡೆ ಗಮನ ಕೊಡಲಿಲ್ಲ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಘಮಘಮಿಸುವ ‘ಪಾಪಾ ಮೆಯಾಂ’ ಗುಲಾಬಿಯನ್ನು ವಾಸನೆಯಿಲ್ಲದ ‘ರೂಜ್ ಮೆಯಾಂ’ ಪಕ್ಕ ಇಟ್ಟು ನೋಡಿದರು. ಗುಲಾಬಿಯ ಕಂಪಿನ ಮುಖ್ಯ ಅಂಶವಾದ ಜೆರಾನಿಯಾಲ್ ತಯಾರಾಗಲು ಬೇಕಾದ ಕಿಣ್ವವೊಂದು ಮೊದಲನೆಯದರಲ್ಲಿ ಬಿರುಸಾಗಿ ಕೆಲಸ ಮಾಡುತ್ತಿತ್ತು, ಎರಡನೆಯದರಲ್ಲಿ ಮಲಗಿತ್ತು.

ಇನ್ನು ನೀಲಿ. ನೀಲಿ ಗುಲಾಬಿ ಗುಲಾಬಿಗಳ ವಂಶದಲ್ಲೇ ಇಲ್ಲ, ಏಕೆಂದರೆ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ಮಾಡುವ ವಿದ್ಯೆ ಅವಕ್ಕೆ ಬಾರದು. ಎಷ್ಟು ಸಂಕರ ಮಾಡಿದರೂ ಇಲ್ಲದ್ದು ಬರುವುದೆಲ್ಲಿಂದ? ಜಪಾನಿನ ಸನ್‌ಟೋರಿ ಕಂಪನಿ ಆಸ್ಟ್ರೇಲಿಯಾದ ಫ್ಲೋರಿಜೀನ್ ಜೊತೆ ಸೇರಿ 1990ರಲ್ಲಿ ಕೆಲಸ ಹಿಡಿಯಿತು. ಪ್ಯಾನ್ಸಿ ಹೂವಿನ ಜೀನ್ ತಂದು ಗುಲಾಬಿಗೆ ಸೇರಿಸಿ, 2009ರ ನವೆಂಬರಿನಲ್ಲಿ ‘ಅಪ್ಲಾಸ್’ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಚಿತ್ರ ನೋಡಿದವರು ಅದನ್ನು ನೀಲಿ ಎನ್ನಲು ಸ್ವಲ್ಪ ಧಾರಾಳಿಗಳಾಗಬೇಕು. ನೇರಳೆಯ ತಂಗಿ ಎನ್ನಬಹುದು. ಗುಲಾಬಿ ಎಸಳಿನ ರಸ ಹುಳಿ, ಆ ಹುಳಿಯಲ್ಲಿ ನೀಲಿ ಪೂರ್ತಿ ತೆರೆದುಕೊಳ್ಳುವುದಿಲ್ಲ. ಹೂವು ತನ್ನ ಹಟ ಬಿಟ್ಟುಕೊಡದ ಈ ಅರೆಗೆಲುವೇ ನನಗೆ ಅದರಲ್ಲಿ ಅತ್ಯಂತ ಇಷ್ಟವಾದದ್ದು.

ಮರುವರ್ಷ ಇನ್ನೊಂದು ನೀಲಿ ಬಂತು, ಈ ಸಲ ಹೂವಿನಲ್ಲಲ್ಲ. 2010ರ ಮೇ 20ರಂದು ಅಮೆರಿಕದ ಕ್ರೇಗ್ ವೆಂಟರ್ ತಂಡ ಕೃತಕ ಜೀವಕೋಶವನ್ನು ಜಗತ್ತಿಗೆ ತೋರಿಸಿತು. ಮೇಕೆಗಳಿಗೆ ತಗಲುವ ಬ್ಯಾಕ್ಟೀರಿಯಾವೊಂದರ ಸುಮಾರು 10.8 ಲಕ್ಷ ಅಕ್ಷರಗಳ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಬರೆದು, ರಾಸಾಯನಿಕಗಳಿಂದ ತುಂಡು ತುಂಡಾಗಿ ಮಾಡಿ, ಯೀಸ್ಟಿನೊಳಗೆ ಜೋಡಿಸಿ, ಅದರ ದಾಯಾದಿ ಬ್ಯಾಕ್ಟೀರಿಯಾದ ಒಡಲಿಗೆ ಇಳಿಸಿದ್ದರು. ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದಕ್ಕೆ ಎಷ್ಟೋ ವಾರ ಎಲ್ಲ ನಿಂತಿತ್ತಂತೆ. ಕೊನೆಗೆ ಗೆದ್ದದ್ದು ತಿಳಿದದ್ದು ಗಾಜಿನ ತಟ್ಟೆಯಲ್ಲಿ ಮೂಡಿದ ಒಂದು ನೀಲಿ ಚುಕ್ಕೆಯಿಂದ. ಗುರುತಿಗೆಂದೇ ಬಣ್ಣ ಕೊಡುವ ಜೀನ್ ಸೇರಿಸಿದ್ದರು.

ಜಗತ್ತು ಗದ್ದಲ ಮಾಡಿತು. ಅಮೆರಿಕದ ಅಂದಿನ ಅಧ್ಯಕ್ಷ ಒಬಾಮಾ ಅಂದೇ ತಮ್ಮ ಜೈವಿಕ ನೀತಿಶಾಸ್ತ್ರ ಆಯೋಗಕ್ಕೆ ಪರಿಶೀಲಿಸಲು ಹೇಳಿದರು. ಎಲ್ಲರೂ ಬೈಗುಳ ನಿರೀಕ್ಷಿಸಿದ್ದ ವ್ಯಾಟಿಕನ್ನಿನ ಪತ್ರಿಕೆ, ಒಳ್ಳೆಯ ಕೆಲಸ, ಆದರೆ ಇದು ಜೀವಸೃಷ್ಟಿಯಲ್ಲ ಎಂದು ತಣ್ಣಗೆ ಬರೆಯಿತು. ಆ ಡಿಎನ್‌ಎಯಲ್ಲಿ ಸಹಿಯಂತೆ ಸಾಹಿತಿ ಜೇಮ್ಸ್ ಜಾಯ್ಸ್‌ನ ಒಂದು ಸಾಲನ್ನೂ ಹೊಸೆದಿದ್ದರು. ಕೇಳದೆ ಬಳಸಿದ್ದೇಕೆ ಎಂದು ಜಾಯ್ಸ್ ಕೃತಿಸ್ವಾಮ್ಯದವರಿಂದ ಪತ್ರ ಬಂತು. ಹುಟ್ಟಿದ ಕೂಸಿಗೆ ಮೊದಲ ಉಡುಗೊರೆ ನೋಟೀಸು! ನಮ್ಮಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ಕುಲಾಂತರಿ ಬಿಟಿ ಬದನೆಯ ಬಗ್ಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರಿನಲ್ಲಿ ಸಾರ್ವಜನಿಕ ಸಭೆ ನಡೆಸಿ, ಮೂರೇ ದಿನಕ್ಕೆ ತಡೆ ಹಾಕಿದ್ದರು. ಬದನೆಗೆ ಎದ್ದ ಕೂಗಿನ ಮುಂದೆ ಅಮೆರಿಕದ ನೀಲಿ ಚುಕ್ಕೆ ಇಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. ತಟ್ಟೆಗೆ ಬರುವ ಜೀವದ ಬಗ್ಗೆ ಜನ ಮೊದಲು ಮಾತಾಡುತ್ತಾರೆ, ಅದು ನ್ಯಾಯ.

ದೇವರ ಕೆಲಸಕ್ಕೆ ಮನುಷ್ಯ ಕೈಹಾಕಿದನೇ ಎಂಬ ಪ್ರಶ್ನೆ ದೊಡ್ಡದೇ ಇರಬಹುದು. ಆದರೆ ಹೊಸ ಜೀವವೊಂದನ್ನು ಮೂಸಿ ನೋಡಿ, ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಬೇರೆ ಮಾಡಿಟ್ಟ ಆ ಅಮ್ಮನ ವಿಮರ್ಶೆ ನನಗೆ ಆಯೋಗಗಳ ವರದಿಗಿಂತ ಹೆಚ್ಚು ಹಿಡಿಸಿತು. ಅವರು ಡಚ್ ರೋಸನ್ನು ತಿರಸ್ಕರಿಸಲಿಲ್ಲ, ಅದರ ಜಾಗ ತೋರಿಸಿದರು.

ಹೂವಿನಂಗಡಿಯಲ್ಲಿ ಕಡುನೀಲಿಯ ಗುಲಾಬಿ ಕಂಡು ಬೆರಗಾದರೆ ಕೊಳ್ಳುವ ಮೊದಲು ಕಾಂಡದ ತುದಿಯನ್ನು ಒಂದು ಗೆಣ್ಣು ಕತ್ತರಿಸಿಕೊಡಲು ಹೇಳಿ. ಒಳಗೆ ನೀಲಿ ಚುಕ್ಕೆಗಳು ಕಂಡರೆ ಅದು ಬಿಳಿ ಗುಲಾಬಿ, ಬಣ್ಣದ ನೀರಿನಲ್ಲಿ ನಿಂತು ಕುಡಿದದ್ದು. ಬೆಲೆಯನ್ನೂ ಬಿಳಿಯದರಷ್ಟೇ ಕೊಡಿ.