ಉರುಳುವವರು ಮತ್ತು ನೋಡುವವರು

ಕಳೆದ ಸಲ ನಮ್ಮ ಕೂಟದಲ್ಲಿ ಜೇಮ್ಸ್ ಬಾಲ್ಡ್‌ವಿನ್ ಬರೆದ ‘ಗೋ ಟೆಲ್ ಇಟ್ ಆನ್ ದ ಮೌಂಟನ್’ (1953) ಕಾದಂಬರಿಯ ಚರ್ಚೆ ನಡೆಯಿತಷ್ಟೆ. ಕೊನೆಯ ಭಾಗದಲ್ಲಿ ಹದಿನಾಲ್ಕರ ಹುಡುಗ ಜಾನ್ ಚರ್ಚಿನ ನೆಲದ ಮೇಲೆ ಬಿದ್ದು ರಾತ್ರಿಯೆಲ್ಲ ಒದ್ದಾಡುವ ಪುಟಗಳಿಗೆ ಬಂದಾಗ ಯಾರೋ ಒಬ್ಬರು “ಇವರೆಲ್ಲ ಹೋಲಿ ರೋಲರ್ಸ್ ಅಲ್ವೇನ್ರೀ?” ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಮಾತು ಬಿಸಿಬೇಳೆಬಾತಿನ ಕಡೆ ಹೊರಳಿತು, ಕಾದಂಬರಿ ಅಲ್ಲೇ ಉಳಿಯಿತು. ಮನೆಗೆ ಬಂದ ಮೇಲೆ ನನಗೆ ಕಸಿವಿಸಿ. ಒಂದೇ ಒಂದು ಅಡ್ಡಹೆಸರು ಇಡೀ ಕಾದಂಬರಿಯನ್ನು ಓದದ ಹಾಗೆ ಮಾಡಿಬಿಟ್ಟಿತಲ್ಲ! ಆ ಪದದ ಬೆನ್ನು ಹತ್ತಿ ಈ ಟಿಪ್ಪಣಿ.

‘ಹೋಲಿ ರೋಲರ್’ ಹತ್ತೊಂಬತ್ತನೆಯ ಶತಮಾನದಲ್ಲೇ ಅಮೆರಿಕದಲ್ಲಿ ಹುಟ್ಟಿದ ಕುಹಕದ ಮಾತು. ಪವಿತ್ರಾತ್ಮ ಮೈಮೇಲೆ ಬಂತೆಂದು ಕೂಗುವ, ಕುಣಿಯುವ, ನೆಲಕ್ಕೆ ಬಿದ್ದು ಹೊರಳುವ ಕ್ರೈಸ್ತರಿಗೆ ಹೊರಗಿನವರು ಕೊಟ್ಟ ಬಿರುದು. ಇಂಥ ಬಿರುದು ಅವರಿಗೊಬ್ಬರಿಗೇ ಬಂದದ್ದಲ್ಲ. ‘ಕ್ವೇಕರ್’ ಎಂದರೆ ನಡುಗುವವ. 1650ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಒಬ್ಬ ನ್ಯಾಯಾಧೀಶ ಜಾರ್ಜ್ ಫಾಕ್ಸ್‌ನನ್ನು ಹಂಗಿಸಲು ಬಳಸಿದ ಮಾತೆಂದು ಫಾಕ್ಸ್ ತಾನೇ ಬರೆದಿಟ್ಟಿದ್ದಾನೆ. ‘ಮೆಥಡಿಸ್ಟ್’ ಕೂಡ ಆಕ್ಸ್‌ಫರ್ಡಿನ ಹುಡುಗರ ಗೇಲಿ. ಆ ಎರಡೂ ಹೆಸರು ಇವತ್ತು ಬೋರ್ಡಿನ ಮೇಲೆ ಬರೆದುಕೊಳ್ಳುವಷ್ಟು ಮರ್ಯಾದಸ್ಥ. ‘ಹೋಲಿ ರೋಲರ್’ ಮಾತ್ರ ಯಾವ ಚರ್ಚಿನ ಬಾಗಿಲಿಗೂ ಗೌರವದ ಹೆಸರಾಗಿ ಏರಲಿಲ್ಲ. ಯಾಕೆ? ನನಗೆ ತೋರುವ ಕಾರಣ ಸರಳ. ಕ್ವೇಕರರಲ್ಲಿ ಬ್ಯಾಂಕಿನವರು, ಚಾಕೊಲೇಟ್ ಕಾರ್ಖಾನೆಯವರು ಹುಟ್ಟಿಕೊಂಡರು. ನಡುಗುವುದನ್ನು ಬಿಟ್ಟು ಮೌನವಾಗಿ ಕೂರಲು ಕಲಿತರು. ಉರುಳುವವರು ಬಹುಕಾಲ ಬಡವರಾಗೇ ಉಳಿದರು. ಒಂದೋ ಕರಿಯರು, ಇಲ್ಲವೇ ಗುಡ್ಡಗಾಡಿನ ಬಡ ಬಿಳಿಯರು.

1906ರ ಏಪ್ರಿಲ್ ನೋಡಿ. ಲಾಸ್ ಏಂಜಲಿಸ್‌ನ ಅಜೂಸಾ ಸ್ಟ್ರೀಟಿನ ಒಂದು ಹಳೇ ಕಟ್ಟಡದಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕ ಸಭೆ ನಡೆಸುತ್ತಿದ್ದ. ತಂದೆತಾಯಿ ಗುಲಾಮರಾಗಿದ್ದವರು. ಹ್ಯೂಸ್ಟನ್ನಿನಲ್ಲಿ ತನ್ನ ಗುರು ಚಾರ್ಲ್ಸ್ ಪಾರ್ಹಮ್‌ನ ಪಾಠವನ್ನು ಅವನು ಕೇಳಿದ್ದು ಬಿಳಿಯರ ಜೊತೆ ಕೂತಲ್ಲ, ಕೋಣೆಯ ಹೊರಗೆ ಕೂತು, ತೆರೆದ ಬಾಗಿಲಿನಿಂದ. (ಏಕಲವ್ಯನ ಕತೆ ನೆನಪಾಗದೆ ಇರುತ್ತದೆಯೆ?) ಅಂಥವನ ಸಭೆಗೆ ಕರಿಯರು, ಬಿಳಿಯರು, ಮೆಕ್ಸಿಕನ್ನರು ಒಟ್ಟಿಗೆ ಬಂದರು. ರೈಲಿನ ಡಬ್ಬಿಯಲ್ಲೂ ಬಣ್ಣದ ಗೆರೆ ಎಳೆಯುತ್ತಿದ್ದ ಕಾಲ ಅದು. ‘ಲಾಸ್ ಏಂಜಲಿಸ್ ಟೈಮ್ಸ್’ ಏಪ್ರಿಲ್ 18ರಂದು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ದಿನವೇ, ಇವರನ್ನು ಗೇಲಿ ಮಾಡಿ ವರದಿ ಹಾಕಿತು. ಆಮೇಲೆ ಬಂದು ನೋಡಿದ ಪಾರ್ಹಮ್‌ಗೂ ಹೇಸಿಗೆ. ಕರಿಯರು ಬಿಳಿಯರು ಹಾಗೆ ಮೈಗೆ ಮೈ ತಾಗಿಸಿ ಪ್ರಾರ್ಥಿಸುವುದು ಅವನಿಗೆ ಸಹಿಸಲಿಲ್ಲ. ನಗುವಿನ ಕೆಳಗೆ ಯಾವ ಭಯ ಇತ್ತು ಎಂಬುದು ಇಲ್ಲಿ ಸ್ಪಷ್ಟ.

ಈಗ ಸಾಹಿತ್ಯಕ್ಕೆ ಬರೋಣ. 1925ರ ಜುಲೈಯಲ್ಲಿ ಟೆನೆಸಿಯ ಡೇಟನ್ ಎಂಬ ಪಟ್ಟಣದಲ್ಲಿ ಪ್ರಖ್ಯಾತ ಸ್ಕೋಪ್ಸ್ ಮೊಕದ್ದಮೆ. ಶಾಲೆಯಲ್ಲಿ ವಿಕಾಸವಾದ ಕಲಿಸಿದ್ದು ಅಪರಾಧವೆ ಎಂಬ ಪ್ರಶ್ನೆ. ವರದಿಗೆ ಬಂದಿದ್ದ ಎಚ್. ಎಲ್. ಮೆಂಕನ್ ಒಂದು ರಾತ್ರಿ ಹತ್ತಿರದ ಗುಡ್ಡದಲ್ಲಿ ಇಂಥ ಸಭೆ ನಡೆಯುತ್ತಿದೆಯೆಂದು ಕೇಳಿ ಹೋದ. ಕತ್ತಲಲ್ಲಿ ಮುಸುಕಿನ ಜೋಳದ ಹೊಲದ ಮರೆಯಿಂದ ನೋಡಿದ. ‘ದ ಹಿಲ್ಸ್ ಆಫ್ ಜಯನ್’ ಎಂಬ ಆ ಪ್ರಬಂಧ ಅಮೆರಿಕನ್ ಗದ್ಯದ ರತ್ನಗಳಲ್ಲಿ ಒಂದು, ಇದನ್ನು ಒಪ್ಪಲೇಬೇಕು. ಓದಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಆದರೆ ಎರಡನೇ ಸಲ ಓದಿ. ಬೀಳುವ, ನಡುಗುವ ಮೈಗಳು ಮಾತ್ರ ಕಾಣುತ್ತವೆ. ಆ ಮೈಗಳೊಳಗೆ ಏನು ನಡೆಯುತ್ತಿದೆ, ಹಗಲೆಲ್ಲ ದುಡಿದ ಆ ಹೆಂಗಸು ರಾತ್ರಿ ಯಾಕೆ ಅತ್ತಳು ಎಂಬುದು ಕಾಣುವುದೇ ಇಲ್ಲ. ಹೊಲದ ಮರೆಯಿಂದ ಅದು ಕಾಣುವುದೂ ಇಲ್ಲ.

ಎರಡು ವರ್ಷದ ಮೇಲೆ ಸಿಂಕ್ಲೇರ್ ಲೂಯಿಸ್ ‘ಎಲ್ಮರ್ ಗ್ಯಾಂಟ್ರಿ’ (1927) ಬರೆದು ಅದನ್ನು ಮೆಂಕನ್‌ಗೇ ಅರ್ಪಿಸಿದ. ಅದರ ನಾಯಕ ಕುಡುಕ, ಸ್ತ್ರೀಲೋಲ, ಮಾತಿನ ಮಲ್ಲ, ಧರ್ಮಬೋಧಕ. ಇಂಥವರನ್ನು ನಾವೂ ಟೀವಿಯಲ್ಲಿ ಎರಡೂ ದೇಶಗಳಲ್ಲಿ ಕಂಡಿದ್ದೇವೆ, ಕಾವಿಯಲ್ಲೂ ಕೋಟಿನಲ್ಲೂ. ಲೂಯಿಸ್‌ನ ಏಟು ಬಿದ್ದದ್ದು ಬೀಳಬೇಕಾದ ಜಾಗಕ್ಕೇ. ಆದರೆ ಡೇರೆಯಲ್ಲಿ ಕೂತು ಅಳುವ ಜನ? ಅವರು ಅವನಿಗೆ ಒಂದು ಗುಂಪು, ಮೋಸ ಹೋಗುವುದಕ್ಕೆಂದೇ ಹುಟ್ಟಿದ ಮಂದಿ. ಮೋಸ ಮಾಡುವವನನ್ನು ಗೇಲಿ ಮಾಡುವುದು ಬೇರೆ, ಮೊರೆಯಿಡುವವನನ್ನು ಗೇಲಿ ಮಾಡುವುದು ಬೇರೆ. ‘ಹೋಲಿ ರೋಲರ್’ ಎಂಬ ಪದದ ತೊಡಕು ಇರುವುದೇ ಇಲ್ಲಿ. ಅದು ಇಬ್ಬರನ್ನೂ ಒಂದೇ ಚಾಪೆಯಲ್ಲಿ ಸುತ್ತಿಬಿಡುತ್ತದೆ.

ಬಾಲ್ಡ್‌ವಿನ್ ಹೊಲದ ಮರೆಯಲ್ಲಿ ನಿಂತವನಲ್ಲ. ಹಾರ್ಲೆಮ್‌ನ ಇಂಥದ್ದೇ ಚರ್ಚಿನಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಬೋಧಕನಾದವನು, ಹದಿನೇಳಕ್ಕೆ ಬಿಟ್ಟು ಹೊರಟವನು. ಅವನ ಕಾದಂಬರಿ ನೋಡುವುದು ನೆಲದಿಂದ. ಜಾನ್ ಬಿದ್ದಾಗ ಅವನೊಳಗೆ ಒಂದು ದನಿ ಮಾತಾಡುತ್ತದೆ. ವಿಷದ, ವ್ಯಂಗ್ಯದ ದನಿ ಎಂದೇ ಬಾಲ್ಡ್‌ವಿನ್ ಕರೆಯುತ್ತಾನೆ. ಉಳಿದ ಕರಿಯರ ಹಾಗೆ ಆಗಬಾರದು ಅಂತಿದ್ದರೆ ಏಳು, ಈ ಚರ್ಚು ಬಿಟ್ಟು ಹೊರಗೆ ನಡೆ ಎಂಬುದು ಅದರ ಸಾರಾಂಶ. ಗೆಳೆಯರೇ, ಕಾದಂಬರಿಯ ಕೀಲಿ ಇಲ್ಲಿದೆ ಎಂದು ನನ್ನ ಎಣಿಕೆ. ಹೊರಗಿನವರ ಗೇಲಿ ಹುಡುಗನ ತಲೆಯೊಳಗೆ ಹೊಕ್ಕು ಅವನದೇ ಬುದ್ಧಿಯ ದನಿಯಲ್ಲಿ ಮಾತಾಡುತ್ತಿದೆ. ಮೇಲ್ನೋಟಕ್ಕೆ ಅದು ವಿಚಾರವಂತಿಕೆ. ಒಳಗೆ ನೋಡಿದರೆ ತನ್ನವರ ಬಗ್ಗೆ ನಾಚಿಕೆ.

ಹಾಗಂತ ಬಾಲ್ಡ್‌ವಿನ್ ಚರ್ಚಿಗೆ ಮಂಗಳಾರತಿ ಎತ್ತುತ್ತಾನೆಯೆ? ಇಲ್ಲ. ಮಲತಂದೆ ಗೇಬ್ರಿಯಲ್ ಆ ಚರ್ಚಿನ ಹಿರಿಯ, ಮನೆಯಲ್ಲಿ ಕ್ರೂರಿ. ತನ್ನ ಹಳೆಯ ಪಾಪವನ್ನು ಬಚ್ಚಿಟ್ಟು ಬೇರೆಯವರ ಪಾಪಕ್ಕೆ ಬೆರಳು ತೋರಿಸುವವನು. ಬೆಳಿಗ್ಗೆ ಜಾನ್ ಹೊಸ ಮನುಷ್ಯನಾದೆನೆಂದು ಎದ್ದು ಮನೆಗೆ ಬಂದಾಗ ಅವನು ನಗುತ್ತಾನೆ, ತಂದೆ ನಗುವುದಿಲ್ಲ. ಬಿಡುಗಡೆ ಆಯಿತೋ ಇಲ್ಲವೋ ಎಂದು ಲೇಖಕ ಹೇಳುವುದಿಲ್ಲ. ಇನ್ನೊಂದು ಮಾತು: ಆ ಕೊನೆಯ ಭಾಗದ ಬೈಬಲ್ ಭಾಷೆ ನಮ್ಮಂಥವರಿಗೆ ದಣಿವು ತರುತ್ತದೆ, ಸುಳ್ಳು ಹೇಳಲಾರೆ. ಆದರೂ ದಣಿದು ಕೆಳಗಿಡುವುದಕ್ಕೂ ನಕ್ಕು ಕೆಳಗಿಡುವುದಕ್ಕೂ ವ್ಯತ್ಯಾಸ ಇದೆ.

ಪದ ಮುಂದೆ ತನ್ನ ಪಾಡಿಗೆ ಊರು ಸುತ್ತಿತು. 1969ರಲ್ಲಿ ಬೀಟಲ್ಸ್‌ನ ‘ಕಮ್ ಟುಗೆದರ್’ ಹಾಡಿಗೆ ಬಂತು. ಅಲ್ಲಿ ಧರ್ಮವೂ ಇಲ್ಲ ಕರ್ಮವೂ ಇಲ್ಲ, ಬರೀ ನಾದ. 2003ರಲ್ಲಿ ಕಿಂಗ್ಸ್ ಆಫ್ ಲಿಯಾನ್ ತಂಡ ತಮ್ಮ ಮೊದಲ ಕಿರುತಟ್ಟೆಗೆ ‘ಹೋಲಿ ರೋಲರ್ ನೊವಕೇನ್’ ಎಂದು ಹೆಸರಿಟ್ಟಿತು. ತಂಡದ ಮೂವರು ಅಣ್ಣತಮ್ಮಂದಿರು ಊರೂರು ಅಲೆಯುತ್ತಿದ್ದ ಪೆಂಟಕೋಸ್ಟಲ್ ಬೋಧಕನ ಮಕ್ಕಳು. ಮನೆಯವರೇ ಆಡಿದರೆ ಬೈಗುಳಕ್ಕೂ ಒಂದು ಸಲಿಗೆ. 2010ರ ‘ಹೋಲಿ ರೋಲರ್ಸ್’ ಚಿತ್ರದಲ್ಲಿ ಕ್ರೈಸ್ತರೇ ಇಲ್ಲ, ಮಾದಕ ಮಾತ್ರೆ ಸಾಗಿಸುವ ಸಂಪ್ರದಾಯಸ್ಥ ಯಹೂದಿ ಹುಡುಗರು. ಇವತ್ತು ಆಫೀಸಿನಲ್ಲಿ ಯಾರನ್ನಾದರೂ ಹಾಗೆಂದರೆ ‘ತಾನೊಬ್ಬನೇ ಸಾಚಾ ಎನ್ನುವವ’ ಎಂದರ್ಥ. ಮೈಯಿಂದ ಹೊರಟ ಪದ ಅಹಂಕಾರಕ್ಕೆ ಬಂದು ನಿಂತಿತು. ಇತ್ತ ಉರುಳುವವರ ಸಂತತಿಯೋ ಬೆಳೆದು ಬೆಟ್ಟವಾಯಿತು. ಪ್ಯೂ ಸಂಸ್ಥೆಯ 2011ರ ಅಂದಾಜಿನಲ್ಲಿ ಜಗತ್ತಿನ ಪೆಂಟಕೋಸ್ಟಲರೇ ಸುಮಾರು 27.9 ಕೋಟಿ.

ಇದೆಲ್ಲ ಅಮೆರಿಕದ ಕತೆ, ನಮಗೇನು ಅನ್ನಬೇಡಿ. ಅಜೂಸಾ ಸ್ಟ್ರೀಟಿಗೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ನೂರಾರು ಹೆಣ್ಣುಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತ, ಅಳುತ್ತ, ನಡುಗುತ್ತ ಬಿದ್ದರು. ಅವರಲ್ಲಿ ಬರಗಾಲದಿಂದ ಬದುಕುಳಿದವರು, ಬಾಲವಿಧವೆಯರು ಎಷ್ಟೋ ಮಂದಿ. ಮಿಷನ್ ನಡೆಸುತ್ತಿದ್ದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಕಾರ್ಕಳ ಸೀಮೆಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು. ಇಂಥ ಗದ್ದಲ ಸರಿಯಲ್ಲ ಎಂದವರಿಗೆ ರಮಾಬಾಯಿ ಉತ್ತರ ಕೊಟ್ಟರು, ಭಾರತದ ಕ್ರೈಸ್ತರು ತಮ್ಮ ರೀತಿಯಲ್ಲಿ ಪ್ರಾರ್ಥಿಸಲು ಬಿಡಿ ಎಂದು ವಾದಿಸಿದರು. ಸಂಸ್ಕೃತ ಪುರಾಣ ಬಾಯಿಪಾಠವಿದ್ದ ವಿದುಷಿ ಅನಾಥ ಹುಡುಗಿಯರ ಅಳುವಿನ ಪರ ನಿಂತದ್ದು ಸಣ್ಣ ಮಾತಲ್ಲ.

ಇನ್ನು ಭಾಷೆಯ ಮಾತು. ‘ಹೋಲಿ ರೋಲರ್’ ಅನ್ನು ಕನ್ನಡಕ್ಕೆ ತರಲು ಹೊರಟರೆ ಒಂದು ಸೋಜಿಗ. ನಮ್ಮಲ್ಲಿ ಅದಕ್ಕೆ ಪದ ಇದೆ: ಉರುಳುಸೇವೆ. ಆದರೆ ಅದರಲ್ಲಿ ಗೇಲಿ ಇಲ್ಲ, ‘ಸೇವೆ’ ಇದೆ. ಇಂಗ್ಲಿಷ್ ನಕ್ಕ ಜಾಗದಲ್ಲಿ ಕನ್ನಡ ಕೈಮುಗಿಯುತ್ತದೆ. ಹಾಗೆಂದು ಬೀಗುವ ಹಾಗಿಲ್ಲ. ನಾನು ಬೆಳೆದ ಬೀದಿಯಲ್ಲಿ ತಗಡಿನ ಮಾಡಿನ ಕೆಳಗೆ ಸೇರಿ ಹಾಡುತ್ತಿದ್ದ ಬಡ ಕ್ರೈಸ್ತರನ್ನು ‘ಹಲ್ಲೆಲೂಯಾದವರು’ ಎಂದು ನಾವೆಲ್ಲ ಅಣಕಿಸುತ್ತಿದ್ದೆವು. ನಮ್ಮ ಮನೆಯವರು ಉರುಳಿದರೆ ಸೇವೆ, ಅವರು ಕುಣಿದರೆ ತಮಾಷೆ! ಅಷ್ಟೇ ಅಲ್ಲ, ‘ಸೇವೆ’ ಎಂಬ ಹೆಸರಿನ ಮರೆಯಲ್ಲಿ ಎಷ್ಟೋ ಅನ್ಯಾಯವೂ ಅಡಗಿದೆ. ಕುಕ್ಕೆಯಲ್ಲಿ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನದ ವಿವಾದ ಸುಪ್ರೀಂ ಕೋರ್ಟಿನ ತನಕ ಹೋದದ್ದು ನಿಮಗೆ ಗೊತ್ತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೆ ಭಕ್ತರೇ ತಿರುಗಿ ಬಿದ್ದರು. ಆಮೇಲೆ ಯು. ಆರ್. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಕೇಳಿದಾಗ ವಿಚಾರವಾದಿ ಗೆಳೆಯರಿಗೆ ಸಿಟ್ಟು ಬಂತು. ನನಗೆ ಆ ಬರಹ ಇಷ್ಟವಾಗುವುದು ಅದು ಉತ್ತರ ಕೊಟ್ಟದ್ದಕ್ಕಲ್ಲ, ನೋಡುವವನು ತಾನು ನಿಂತ ಜಾಗವನ್ನೂ ಪ್ರಶ್ನಿಸಿಕೊಂಡದ್ದಕ್ಕೆ. ಮೆಂಕನ್ ಆ ಒಂದು ಕೆಲಸ ಮಾಡಲಿಲ್ಲ.

ಕೊನೆಗೆ ನನ್ನದೇ ಲೆಕ್ಕ ಒಪ್ಪಿಸಿಬಿಡುತ್ತೇನೆ. ನನಗೆ ಟೈಫಾಯ್ಡ್ ಆಗಿ ಬದುಕಿಕೊಂಡ ವರ್ಷ ನನ್ನ ಸೋದರಮಾವ ಹರಕೆ ತೀರಿಸಲು ಊರ ದೇವಸ್ಥಾನದ ಅಂಗಳದಲ್ಲಿ ಒದ್ದೆ ಪಂಚೆಯಲ್ಲಿ ಉರುಳಿದರು. ಪಟ್ಟಣದಿಂದ ಬಂದಿದ್ದ ಕಾಲೇಜಿನ ಗೆಳೆಯ ನನ್ನ ಪಕ್ಕದಲ್ಲಿ ನಿಂತಿದ್ದ. “ಯಾರೋ ಅದು?” ಅಂದ. “ಯಾರೋ ಊರಿನವರು” ಅಂದೆ. ಮಾವನ ಮೊಣಕೈ ತರಚಿ ರಕ್ತ ಬರುತ್ತಿದ್ದುದು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಅವರಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ, ಅವರು ಇರುವ ತನಕ ಕೇಳುವ ಧೈರ್ಯ ನನಗೆ ಬರಲಿಲ್ಲ. ಜಾನ್‌ನ ತಲೆಯೊಳಗಿನ ದನಿಯನ್ನು ಓದಿದಾಗ ಅದು ಪರಿಚಯದ ದನಿ ಅನ್ನಿಸಿದ್ದು ಅದಕ್ಕೇ. ಕೂಟದಲ್ಲಿ ಮೊನ್ನೆ ನಕ್ಕದ್ದೂ ಅದೇ ದನಿ.

ಉರುಳುಸೇವೆ ಇರಬೇಕೋ ಬೇಡವೋ ಎಂಬ ಚರ್ಚೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ನನಗೂ ಅದರಲ್ಲಿ ನಂಬಿಕೆ ಉಳಿದಿಲ್ಲ. ಸದ್ಯಕ್ಕೆ ನನ್ನ ಕೋರಿಕೆ ಇಷ್ಟೆ: ಬಾಲ್ಡ್‌ವಿನ್‌ನ ಆ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಬಿಟ್ಟ ಪುಟದಿಂದಲೇ ಶುರು ಮಾಡೋಣ. ಬಿಸಿಬೇಳೆಬಾತು ಆಮೇಲೆ.