ವಠಾರದ ನಗೆ

ಹಾಸ್ಯವು ವಿದೂಷಕನೊಬ್ಬನ ಹೊಣೆಯೆಂದು ನಮ್ಮ ಚಿತ್ರರಂಗ ಬಹುಕಾಲ ನಂಬಿತ್ತು. ಇಟಲಿಯ ಮೊನಿಚೆಲ್ಲಿ 1958ರಲ್ಲಿ ಗಾಸ್‌ಮನ್, ಮಾಸ್ತ್ರೊಯಾನಿ, ತೊತೊ ಮೊದಲಾದವರಿಗೆ ನಗೆಯನ್ನು ಸಮನಾಗಿ ಹಂಚಿ, ಕೈಲಾಗದ ಕಳ್ಳರ ಕಥೆಯೊಂದನ್ನು ತೆರೆಗೆ ತಂದನು. ಕನ್ನಡದಲ್ಲಿ ಅಂಥ ಹಂಚಿಕೆ ಫಣಿ ರಾಮಚಂದ್ರರ ‘ಗಣೇಶನ ಮದುವೆ’ಯಲ್ಲಿ (1990) ಕಾಣುತ್ತದೆ.

ಅನಂತನಾಗರ ಗಣೇಶನೂ ವಿನಯಾ ಪ್ರಸಾದರ ಆದಿಲಕ್ಷ್ಮಿಯೂ ಎದುರೆದುರು ಕಚ್ಚಾಡುತ್ತಾರೆ; ಪರಸ್ಪರ ಗುರುತರಿಯದೆ ಕಾಗದಗಳಲ್ಲಿ ಒಲಿಯುತ್ತಾರೆ. ಈ ಗುಟ್ಟು ಪ್ರೇಕ್ಷಕನಿಗೆ ಬೇಗನೆ ತಿಳಿಯುವುದರಿಂದ ಕಥೆಯ ಬಿಗಿ ಸಡಿಲುವುದುಂಟು. ಆದರೂ ಬೇಸರವಿಲ್ಲ. ಮುಖ್ಯಮಂತ್ರಿ ಚಂದ್ರು ಅವರ ಮನೆಯೊಡೆಯನೂ ರಮೇಶ ಭಟ್ಟರಾದಿಯಾಗಿ ನೆರೆಹೊರೆಯವರೂ ಇಬ್ಬರ ಜಗಳವನ್ನು ವಠಾರದ ಜಗಳವಾಗಿಸುತ್ತಾರೆ.

ಮೂಲ, ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರ ತೆಲುಗು ಕಾದಂಬರಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಹಿಂದೂಪುರ, ಕಲ್ಯಾಣದುರ್ಗಗಳ ನಮಗೆ ಈ ಕೊಡುಕೊಳೆ ಹೊಸತಲ್ಲ. ಕಥೆ ಎರವಲಿನದು, ಅದನ್ನು ಕನ್ನಡದ್ದಾಗಿಸಿದುದು ನಟವೃಂದದ ಆಡುಮಾತು.